ಹದವರಿತ ಹುಟ್ಟು

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬುದು ಹಿರಿಯರ ಮಾತು. ಹಣದ ವಿಷಯದಲ್ಲಿ ಇದನ್ನು ಒಪ್ಪುವವರು ದೇಹಬಲದ ವಿಷಯದಲ್ಲಿ ಮರೆಯುತ್ತಾರೆ. ಉಸಿರಿಗೂ ಜಮೆಯುಂಟು, ಖರ್ಚುಂಟು. ಬೆಂಗಳೂರಿನ ಗೃಹಸ್ಥನೊಬ್ಬನು ಒಂದೇ ಪರೀಕ್ಷೆಗೆ ಎರಡು ಸಲ ಕುಳಿತು ಈ ಲೆಕ್ಕವನ್ನು ಕಲಿತನು.

ಕ್ರಾಸ್‌ಫಿಟ್ ಎಂಬ ವ್ಯಾಯಾಮ ಪದ್ಧತಿಯವರು ಪ್ರತಿವರ್ಷ ‘ಓಪನ್’ ಎಂಬ ಸ್ಪರ್ಧೆಯನ್ನು ನಡೆಸುತ್ತಾರೆ. ಅವರವರ ಊರಿನ ವ್ಯಾಯಾಮಶಾಲೆಯಲ್ಲಿಯೇ ಅದರಲ್ಲಿ ಭಾಗವಹಿಸಬಹುದು. 2014ರ ನಾಲ್ಕನೆಯ ವ್ಯಾಯಾಮ 14 ನಿಮಿಷಗಳದು. ರೋಯಿಂಗ್ ಯಂತ್ರದಲ್ಲಿ 60 ಕ್ಯಾಲೊರಿ ಹುಟ್ಟು ಹಾಕಬೇಕು. ಅಡ್ಡಕಂಬಿಗೆ ಜೋತು ಕಾಲ್ಬೆರಳನ್ನು 50 ಸಲ ಕಂಬಿಗೆ ತಾಗಿಸಬೇಕು. ಭಾರದ ಚೆಂಡನ್ನು ಗೋಡೆಯ ಗುರುತಿಗೆ 40 ಸಲ ಎಸೆಯಬೇಕು. ಸರಳನ್ನು ನೆಲದಿಂದ ಭುಜಕ್ಕೆ 30 ಸಲ ಏರಿಸಬೇಕು. ಗಂಡಸರಿಗೆ ಅದರ ತೂಕ 135 ಪೌಂಡ್. ಕೊನೆಗೆ ರಿಂಗುಗಳ ಮೇಲೆ 20 ಮಸಲ್ ಅಪ್. ಒಂದೊಂದು ಕ್ಯಾಲೊರಿಗೂ ಒಂದೊಂದು ಆವರ್ತನೆಗೂ ಒಂದೊಂದು ಅಂಕ.

ಆ ವರ್ಷ ಅವನಿಗೆ ಇಪ್ಪತ್ತೇಳು. ಪಕ್ಕದ ಯಂತ್ರದವನನ್ನು ಮೀರಿಸುವ ಹಟದಿಂದ ಮೂರೇ ನಿಮಿಷದಲ್ಲಿ 60 ಕ್ಯಾಲೊರಿ ಮುಗಿಸಿ ಮೊದಲು ಎದ್ದವನು ಅವನೇ. ಕಂಬಿಯನ್ನು ಹಿಡಿದು ಒಂದೇ ಬೀಸಿಗೆ ಹದಿನೆಂಟು ಎಣಿಸಿದನು. ಅಲ್ಲಿಂದ ಮುಂದೆ ಬೆರಳುಗಳು ಅವನ ಮಾತನ್ನು ಕೇಳಲಿಲ್ಲ. ಐದು, ಮೂರು, ಬಳಿಕ ಒಂದೊಂದು. ಅಂಗೈಯ ತೊಗಲು ಕಿತ್ತುಬಂದಿತು. ಗಂಟೆ ಬಾರಿಸಿದಾಗ ಚೆಂಡಿನ ಇಪ್ಪತ್ತೊಂದನೆಯ ಎಸೆತದಲ್ಲಿದ್ದನು. ಒಟ್ಟು 131 ಅಂಕ. ಮನೆಯಲ್ಲಿ ಮೂರು ವಾರದ ಮಗಳಿದ್ದಳು. ರಕ್ತ ಒಸರುವ ಕೈಯಿಂದ ಅವಳನ್ನು ಎತ್ತಿಕೊಳ್ಳಲಾಗದೆ ನಾಲ್ಕು ದಿನ ದೂರದಿಂದಲೇ ನೋಡಿದನು. ಅಂಕದ ಸೋಲಿಗಿಂತ ಆ ನಾಲ್ಕು ದಿನಗಳು ಅವನನ್ನು ಹೆಚ್ಚು ಕಾಡಿದವು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ರೋಯಿಂಗ್ ಯಂತ್ರದ ಚಕ್ರವು ಗಾಳಿಯನ್ನು ಸೀಳಿ ತಿರುಗುವುದರಿಂದ, ಅದಕ್ಕೆ ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. 500 ಮೀಟರಿಗೆ 2 ನಿಮಿಷದ ಗತಿಯಲ್ಲಿ ಸುಮಾರು 203 ವ್ಯಾಟ್ ಸಾಕು. 1 ನಿಮಿಷ 50 ಸೆಕೆಂಡಿನ ಗತಿಗೆ ಸುಮಾರು 263 ವ್ಯಾಟ್ ಬೇಕು. ಹತ್ತು ಸೆಕೆಂಡಿನ ಲಾಭಕ್ಕೆ ಶೇಕಡ 30ರಷ್ಟು ಹೆಚ್ಚಿನ ಬೆಲೆ. ಇದು ಮೊದಲನೆಯದು. ಎರಡನೆಯದು, ಹುಟ್ಟನ್ನು ಎಳೆಯುವ ಬೆರಳು, ಮುಂಗೈ, ಬೆನ್ನುಗಳೇ ಕಂಬಿಗೆ ಜೋತಾಡಲೂ ಬೇಕು. ಆದುದರಿಂದ ಯಂತ್ರದ ಮೇಲೆ ಕಾಲುಗಳು ದುಡಿಯಬೇಕು. ಬೆರಳುಗಳು ಕೊಕ್ಕೆಯಂತೆ ಹಿಡಿಯನ್ನು ತಡೆದಿದ್ದರೆ ಸಾಕು. ಅಲ್ಲಿ ತೋಳಿನಿಂದ ಎಳೆದವನು ಕಂಬಿಯ ಬಳಿಗೆ ಸಾಲಗಾರನಾಗಿಯೇ ಬರುತ್ತಾನೆ.

ತರಬೇತುದಾರರು ಅವನಿಗೆ ಒಂದು ಅಭ್ಯಾಸವನ್ನು ಕೊಟ್ಟರು. 400 ಮೀಟರ್ ರೋಯಿಂಗ್, ಕಂಬಿಯಲ್ಲಿ ಹತ್ತು, ಒಂದು ನಿಮಿಷದ ವಿಶ್ರಾಂತಿ. ಹೀಗೆ ಐದು ಸುತ್ತು. “ಐದನೆಯ ಸುತ್ತು ಮೊದಲನೆಯದಕ್ಕಿಂತ ನಿಧಾನವಾಗಕೂಡದು. ಆದರೆ ತಪ್ಪು ಐದನೆಯದರಲ್ಲಿಲ್ಲ, ಮೊದಲನೆಯದರಲ್ಲಿದೆ ಎಂದು ತಿಳಿಯಿರಿ” ಎಂದರು. ಮೊದಲ ಸುತ್ತನ್ನು ತಡೆದು ಮಾಡುವುದು ಅವನಿಗೆ ಬಲು ಕಷ್ಟವಾಯಿತು. ಬಲವಿದ್ದಾಗ ಬಳಸದಿರುವುದು ಬಲವಿಲ್ಲದಾಗ ಹೆಣಗುವುದಕ್ಕಿಂತ ಕಠಿಣ. ಈ ಹದವನ್ನು ಕಲಿಯಲು ಅವನಿಗೆ ತಿಂಗಳುಗಳಲ್ಲ, ವರ್ಷಗಳೇ ಹಿಡಿದವು.

2023ರ ಓಪನ್‌ನ ಮೊದಲ ವ್ಯಾಯಾಮವಾಗಿ ಅದೇ ಪಟ್ಟಿ ಮರಳಿ ಬಂದಿತು. ಅವನಿಗೆ ಮೂವತ್ತಾರು ನಡೆಯುತ್ತಿತ್ತು. ಒಂಬತ್ತು ತುಂಬಲಿದ್ದ ಮಗಳು ಕಂಬಿಯ ಪಕ್ಕದಲ್ಲಿ ನಿಂತಿದ್ದಳು. ಅವನು 2 ನಿಮಿಷದ ಗತಿಯನ್ನು ಬಿಡಲಿಲ್ಲ. ಎಡಬಲದ ತರುಣರು ಎದ್ದುಹೋದರು. ಕೈ ಅವಸರಿಸಿತು, ಮನಸ್ಸು ನಾಚಿತು. ಆದರೂ ಕಣ್ಣು ಪರದೆಯನ್ನು ಬಿಟ್ಟು ಕದಲಲಿಲ್ಲ. 60 ಕ್ಯಾಲೊರಿಗೆ ಹೆಚ್ಚುಕಡಿಮೆ 3 ನಿಮಿಷ 37 ಸೆಕೆಂಡು. ಕಂಬಿಯಲ್ಲಿ ಐದೈದರಂತೆ ಹತ್ತು ಕಂತು. ಮೊದಲ ಕಂತಿನಲ್ಲಿ ಇನ್ನೂ ಹತ್ತು ಮಾಡುವ ಕಸುವಿತ್ತು.

“ಅಪ್ಪಾ, ಐದಾಯ್ತು, ಇಳಿ” ಎಂದಳು ಮಗಳು.

ಇಳಿದನು. ಅವಳು ಗಟ್ಟಿಯಾಗಿ ಎಂಟರವರೆಗೆ ಎಣಿಸಿ “ಈಗ ಹಿಡಿ” ಎಂದಳು. ಹತ್ತು ಸಲವೂ ಹಾಗೆಯೇ. ಐವತ್ತು ಮುಗಿದಾಗ ಮೊದಲು ಎದ್ದುಹೋಗಿದ್ದ ತರುಣರಲ್ಲಿ ಇಬ್ಬರು ಇನ್ನೂ ಕಂಬಿಯ ಕೆಳಗೆ ಮುಂಗೈ ಒದರುತ್ತ ನಿಂತಿದ್ದರು. ಚೆಂಡು ಹತ್ತರಂತೆ ನಾಲ್ಕು ಕಂತು. ಸರಳು ಒಂದೊಂದಾಗಿ ಇಪ್ಪತ್ತಾರು. ಒಟ್ಟು 176 ಅಂಕ. ರಿಂಗುಗಳನ್ನು ಅವನು ಅಂದೂ ಮುಟ್ಟಲಿಲ್ಲ.

ನಿಧಾನವೇ ದೊಡ್ಡದೆಂದು ಇದರಿಂದ ತಿಳಿಯಬಾರದು. ಅಂದು ಅವನು ಸೋಮಾರಿಯಾಗಿದ್ದರೆ ಚೆಂಡಿನವರೆಗೂ ಹೋಗುತ್ತಿರಲಿಲ್ಲ. ಹದವೆಂದರೆ ದುಡಿಮೆಯನ್ನು ಕಡಿಮೆ ಮಾಡುವುದಲ್ಲ. ಕೊನೆಯವರೆಗೂ ದುಡಿಯುವಂತೆ ಹಂಚಿಕೊಳ್ಳುವುದು. ದಣಿದ ಮೇಲೆ ನಿಲ್ಲುವುದು ದೇಹದ ಅನಿವಾರ್ಯತೆ. ದಣಿಯುವ ಮೊದಲೇ ನಿಲ್ಲುವುದು ಮನುಷ್ಯನ ವಿವೇಕ. ಆ ವಿವೇಕ ಒಬ್ಬನಿಗೇ ಒದಗದಿದ್ದಾಗ ಪಕ್ಕದಲ್ಲಿ ನಿಂತು ಎಣಿಸುವವರೊಬ್ಬರು ಬೇಕು. ಅವರು ಇಳಿಯೆಂದಾಗ ಇಳಿಯುವ ವಿನಯವೂ ಬೇಕು.

ಅಂದು ಅವನ ಅಂಗೈ ಕೆಂಪಾಗಿತ್ತು, ಕಿತ್ತಿರಲಿಲ್ಲ. ಮನೆಗೆ ಹೋಗುವಾಗ ಮಗಳು ಆ ಕೈಯನ್ನು ಹಿಡಿದುಕೊಂಡೇ ನಡೆದಳು.