ಲೇಖನಿಯ ನಡುಕಟ್ಟು



ಮರದ ತಿರುಗು ಲೇಖನಿಯನ್ನು ನಮ್ಮಲ್ಲಿ ಅನೇಕರು ಕಂಡಿರಲಾರರು. ಅದಕ್ಕೆ ಒತ್ತುವ ಗುಂಡಿಯಿಲ್ಲ, ಮುಚ್ಚಳವಿಲ್ಲ. ಮೇಲಿನ ಅರ್ಧವನ್ನು ತಿರುಗಿಸಿದೊಡನೆ ಕೆಳಗಿನಿಂದ ರೀಫಿಲ್ಲಿನ ಮೊನೆ ಹೊರಬರುತ್ತದೆ. ಎರಡು ಮರದ ತುಂಡುಗಳು, ಅವುಗಳ ಒಡಲಲ್ಲಿ ಸುಮಾರು 7 ಮಿ.ಮೀ. ದಪ್ಪದ ಎರಡು ಹಿತ್ತಾಳೆಯ ನಳಿಗೆಗಳು, ತಿರುಗಿಸುವ ಸಣ್ಣ ಯಂತ್ರ, ಕ್ಲಿಪ್ಪು, ಮತ್ತು ಎರಡು ತುಂಡುಗಳು ಕೂಡುವೆಡೆಯಲ್ಲಿ ಒಂದು ಉಂಗುರ. ಆ ಉಂಗುರವನ್ನು ನಾನು ನಡುಕಟ್ಟು ಎನ್ನುತ್ತೇನೆ. ಮರವೊಂದನ್ನುಳಿದು ಮಿಕ್ಕೆಲ್ಲ ಬಿಡಿಭಾಗಗಳು ಒಂದೇ ಪೊಟ್ಟಣದಲ್ಲಿ ಪೇಟೆಯಲ್ಲಿ ದೊರೆಯುತ್ತವೆ. ಈ ಬರೆಹ ಆ ಉಂಗುರವನ್ನು ಕುರಿತದ್ದು.

ಕಲ್ಲೂರಿನ ನಮ್ಮ ಮಠದಲ್ಲಿ ತಾಡೋಲೆಯ ಕಟ್ಟುಗಳನ್ನಿರಿಸುತ್ತಿದ್ದ ಹಳೆಯ ಕೋಣೆಯ ಬಾಗಿಲವಾಡ ಬೇವಿನದು. ಬುಡಕ್ಕೆ ತೇವ ಹತ್ತಿ ಅದು ಕುಸಿದಾಗ ಮೇಲಿನ ಭಾಗ ಗಟ್ಟಿಯಾಗಿಯೇ ಉಳಿದಿತ್ತು. ಅದನ್ನು ಒಲೆಗೆ ಹಾಕದೆ, ಹತ್ತನೆಯ ತರಗತಿ ಮುಗಿಸಿದ ಮಕ್ಕಳಿಗೆ ಲೇಖನಿ ಮಾಡಿಸಿ ಕೊಡಬೇಕೆಂಬುದು ಪೂಜ್ಯರ ಅಪೇಕ್ಷೆ. ಓಲೆಗಳನ್ನು ಕಾದ ಮರ ಬರೆಯುವ ಕೈಗೆ ಸೇರುವುದು ಉಚಿತವೆಂದು ನನಗೂ ತೋರಿತು. ಹಸಿ ಮರವು ಆರುತ್ತ ಕುಗ್ಗಿ, ಕುಗ್ಗದ ಹಿತ್ತಾಳೆ ನಳಿಗೆಯ ಮೇಲೆ ಬಿರಿಯುತ್ತದೆ. ತಲೆಮಾರುಗಳ ಕಾಲ ಆರಿದ ಬಾಗಿಲವಾಡಕ್ಕೆ ಆ ಭಯವಿಲ್ಲ. ಆದರೆ ಮರ ಇದ್ದದ್ದು ಸುಮಾರು 40 ಲೇಖನಿಗಳಿಗೆ ಸಾಕಾಗುವಷ್ಟು. ಕೆಟ್ಟರೆ ಮತ್ತೊಂದು ಬಾಗಿಲವಾಡವಿಲ್ಲ.

ಕಡೆಯುವ ಹೊಣೆ ಹೊತ್ತವನು ಊರಿನ ಬಡಿಗರ ಮನೆಯ ತರುಣ. ಅವನ ಅಜ್ಜ ಜಾಲಿಮರದ ಬಂಡಿ ಕಟ್ಟುತ್ತಿದ್ದವರು. ಟ್ರ್ಯಾಕ್ಟರು ಬಂದ ಮೇಲೆ ಬಂಡಿ ಕೇಳುವವರಿಲ್ಲ. ಲಟ್ಟಣಿಗೆ, ಕಡಗೋಲು, ತೊಟ್ಟಿಲ ಕಾಲುಗಳಿಂದ ಮನೆ ನಡೆಯುವುದಿಲ್ಲ. ಲೇತನ್ನು ಮಾರಿ ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೊರಡುವುದೆಂದು ಅವನು ನಿಶ್ಚಯಿಸಿದ್ದ ಹೊತ್ತಿಗೆ ಈ ಕಾರ್ಯ ಒದಗಿತು.

ಅವನು ಮಾದರಿಗೆಂದು ಬೇರೆ ಮರದಲ್ಲಿ ಮಾಡಿಕೊಟ್ಟ ಲೇಖನಿಗೆ ಪೊಟ್ಟಣದ ಉಂಗುರವೇ ಇತ್ತು. ನಮ್ಮ ಸೀಮೆಯ ಬಿಸಿಲು, ಬೆವರು ತಾವು ಬಲ್ಲಿರಿ. ವರ್ಷ ತುಂಬುವುದರೊಳಗೆ ಚಿನ್ನದ ಬಣ್ಣ ಎದ್ದು ಒಳಗಿನ ಲೋಹ ಕಂಡಿತು. ಮರ ಇನ್ನೂ ಹೊಸದಾಗಿಯೇ ಇತ್ತು. ಲೇಪನ ಸುಲಿಯದಿದ್ದರೂ ಆ ಉಂಗುರ ನನಗೆ ಒಪ್ಪಿಗೆಯಾಗುತ್ತಿರಲಿಲ್ಲ. ಮದುವೆಯಲ್ಲಿ ಹಂಚುವ ಉಡುಗೊರೆಯ ಥಳಕು ಅದರಲ್ಲಿತ್ತು.

ನಡುಕಟ್ಟನ್ನು ತಾನೇ ಮಾಡುವೆನೆಂದು ತರುಣ ಮುಂದಾದ. ಮರಕ್ಕೆ ಬಳೆ ತೊಡಿಸುವುದು ಅವನ ಮನೆತನಕ್ಕೆ ಹೊಸತಲ್ಲ. ಗಾಲಿಗೆ ಕಬ್ಬಿಣದ ಹಳಿ ಏರಿಸುವುದನ್ನು ನಮ್ಮ ಹಿರಿಯರು ಕಂಡಿದ್ದಾರೆ: ಕುಳ್ಳಿನ ಬೆಂಕಿಯಲ್ಲಿ ಹಳಿ ಕಾದು ಹಿಗ್ಗುತ್ತದೆ, ಇಕ್ಕುಳದಲ್ಲಿ ಹಿಡಿದು ಗಾಲಿಯ ಮೇಲಿಳಿಸಿ ನೀರು ಹೊಯ್ದರೆ ಕುಗ್ಗಿ ಬಿಗಿಯುತ್ತದೆ. ಲೇಖನಿಯಲ್ಲಿ ಆ ಉಪಾಯ ಸಲ್ಲದು. ಕಾದ ಲೋಹ ಮರವನ್ನು ಸುಡುತ್ತದೆ, ಅಂಟನ್ನು ಸಡಿಲಿಸುತ್ತದೆ. ಇಲ್ಲಿಯ ಕ್ರಮ ಬೇರೆ. ಮೇಲಿನ ತುಂಡಿನ ಕೆಳತುದಿಯಲ್ಲಿ ನಡುಕಟ್ಟು ಎಷ್ಟು ಅಗಲವೋ ಅಷ್ಟು ಮರವನ್ನು ಕಿರಿದಾದ ಉಳಿಯಿಂದ ನಳಿಗೆ ಕಾಣುವವರೆಗೆ ಕತ್ತರಿಸಬೇಕು. ಹಾಗೆ ಉಳಿದ ಮರದ ಭುಜ ನೂಲು ಹಿಡಿದಂತೆ ನೇರವಿರಬೇಕು. ಕೂದಲೆಳೆಯಷ್ಟು ಓರೆಯಾದರೂ ಅಲ್ಲಿ ಕಪ್ಪು ಗೆರೆಯಾಗಿ ಸಂದು ಕಾಣುತ್ತದೆ. ಬಳಿಕ 7 ಮಿ.ಮೀ. ರಂಧ್ರದ ಉಂಗುರವನ್ನು ನಳಿಗೆಯ ಮೇಲೆ ಸರಿಸಿ ಅಂಟಿಸಿ, ಒಂದು ದಿನ ಬಿಟ್ಟು, ಮರವನ್ನೂ ಉಂಗುರವನ್ನೂ ಕೂಡಿಯೇ ಕಡೆಯಬೇಕು.

ಮೊದಲು ಹಿತ್ತಾಳೆ. ಅದರ ತೂಕ ಕೈಗೆ ಹಿತವಾಗಿತ್ತು. ಆದರೆ ಕಡೆದ ಮೇಲೆ ಮರಳುಕಾಗದ ಹಿಡಿದಾಗ ಮೆತ್ತನೆಯ ಮರ ಹೆಚ್ಚು ಸವೆದು ಗಡುಸಾದ ಹಿತ್ತಾಳೆ ದಿಣ್ಣೆಯಂತೆ ಉಳಿಯಿತು. ಅದಕ್ಕಿಂತ ಮಿಗಿಲಾಗಿ, ಹಿತ್ತಾಳೆಯ ಕಪ್ಪು ಹುಡಿ ಬೇವಿನ ರಂಧ್ರಗಳಲ್ಲಿ ಕುಳಿತು ನಡುವೆಲ್ಲ ಮಸಿ ಬಳಿದಂತಾಯಿತು. ತೆಳ್ಳನೆಯ ಅಂಟನ್ನು ಮೊದಲೇ ಸವರಿ ಮರದ ರಂಧ್ರಗಳನ್ನು ಮುಚ್ಚಿದರೆ ಕಲೆ ಕಡಿಮೆಯಾಗುತ್ತದೆ. ಅವನು ಅದನ್ನೂ ಮಾಡಿದ. ಆದರೂ ಬಾಗಿಲವಾಡದ ಮೂರು ತುಂಡುಗಳು ಈ ಪರೀಕ್ಷೆಯಲ್ಲಿ ಹೋದವು.

ಎಮ್ಮೆಯ ಕೊಂಬು ಚೆನ್ನಾಗಿ ಕಡೆಸಿಕೊಳ್ಳುತ್ತದೆಂದು ಯಾರೋ ಸೂಚಿಸಿದರು. ಮಠದಿಂದ ಮಕ್ಕಳಿಗೆ ಕೊಡುವ ವಸ್ತುವಿಗೆ ಅದು ಬೇಡವೆಂದೆವು. ಆಗ ಉಳಿದದ್ದು ತೆಂಗಿನ ಕರಟ. ಮಠದಲ್ಲಿ ಒಡೆದ ಕಾಯಿಗಳ ಕರಟ ದಾಸೋಹದ ಒಲೆಗೆ ಹೋಗುವುದು ವಾಡಿಕೆ. ಬಲಿತ ಕಾಯಿಯ ಕರಟ 3-4 ಮಿ.ಮೀ. ದಪ್ಪವಿರುತ್ತದೆ, ನಮಗೆ ಬೇಕಾದ ಅಗಲ 3. ಕರಟದ ಚೂರನ್ನು ಬಿಡಿಯಾಗಿ ಕೊರೆದರೆ ಸೀಳುತ್ತದೆ. ಆದುದರಿಂದ ಅದರ ಬಾಗನ್ನು ಉಜ್ಜಿ ಸಮಮಾಡಿ, ಹಳೆಯ ಹಲಗೆಯ ತುಂಡಿಗೆ ಅಂಟಿಸಿ, ನಿಧಾನವಾಗಿ ಕೊರೆಯುತ್ತಾನೆ. ಹುಡಿ ಮರದ ಹುಡಿಯಂತೆಯೇ, ಕಲೆಯಿಲ್ಲ. ಮೆರುಗು ಬಂದಾಗ ಕಡುಗಂದಿನ ನಡುವೆ ತಿಳಿಯಾದ ಚುಕ್ಕೆಗಳು ಕಾಣುತ್ತವೆ, ಎರಡು ಉಂಗುರಗಳಲ್ಲಿ ಒಂದೇ ಬಗೆಯಾಗಿ ಇರುವುದಿಲ್ಲ. ಒಂದಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತದೆ.

ಕಡೆಯುವ ಕಲೆಗೆ ನಾಡಿನಲ್ಲಿ ಚನ್ನಪಟ್ಟಣವೇ ಹೆಸರು. ಅಲ್ಲಿ ತಿರುಗುವ ಹಾಲೆಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಯಿಂದಲೇ ಬಣ್ಣ ಕರಗಿಸಿ ಹತ್ತಿಸುತ್ತಾರೆ. ಲೇಖನಿಯನ್ನೇ ಕೈಯಿಂದ ಕಡೆದು ಹೆಸರಾದ ಮನೆತನವೂ ನೆರೆಯ ಆಂಧ್ರದ ರಾಜಮಹೇಂದ್ರಿಯಲ್ಲಿದೆ: 1930ರ ದಶಕದ ರತ್ನಂ ಲೇಖನಿ ಗಾಂಧೀಜಿಯವರ ಮೆಚ್ಚುಗೆ ಪಡೆದ ಸ್ವದೇಶಿ ವಸ್ತು. ನಮ್ಮ ತರುಣನಿಗೆ ಇವೆರಡೂ ದೂರದ ಮಾತು. ಅರಗಿನ ಬಣ್ಣವನ್ನು ನಾನೂ ಬೇಡವೆಂದೆ, ಬೇವಿನ ಮೈಯನ್ನು ಮುಚ್ಚಲು ಮನಸ್ಸಾಗಲಿಲ್ಲ.

ಕೂಲಿಯ ಮಾತು ಬಂದಾಗ ಸಭೆಯಲ್ಲಿ ಚರ್ಚೆಯಾಯಿತು. ಮಠದ ಕೆಲಸ ಸೇವೆಯಲ್ಲವೇ, ಪೊಟ್ಟಣದಲ್ಲಿ ಉಂಗುರ ಪುಕ್ಕಟೆ ಇರುವಾಗ ಇನ್ನೊಂದಕ್ಕೆ ಹಣವೇಕೆ ಎಂದು ಹಿರಿಯರೊಬ್ಬರು ಕೇಳಿದರು. ನಮ್ಮ ಜಿಲ್ಲೆಯದೇ ಆದ ಲಿಂಗಸೂಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ದಂಪತಿಗಳ ಕಥೆಯನ್ನು ಅವರೇ ನೆನೆದರು: ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ ದಿನ ಲಕ್ಕಮ್ಮ ಅದನ್ನು ಹಿಂದಿರುಗಿಸಿ ಬರಲು ಹೇಳಿದಳೆಂಬ ಪ್ರಸಂಗ. ಹೆಚ್ಚು ಬೇಡವೆಂಬುದಕ್ಕೆ ಮಾತ್ರ ಈ ಕಥೆಯನ್ನು ಹೇಳುವುದು ನಮ್ಮಲ್ಲಿ ರೂಢಿಯಾಗಿದೆ. ಲಕ್ಕಮ್ಮನ ಅಳತೆ ದಿನದ ಅಗತ್ಯ. ಅದಕ್ಕಿಂತ ಕಡಿಮೆ ಕೊಡುವುದಕ್ಕೆ ಆ ಕಥೆಯಲ್ಲಿ ಅನುಮತಿಯಿಲ್ಲವೆಂದು ನಾನು ವಿನಯದಿಂದ ನಿವೇದಿಸಿದೆ. ಹಿರಿಯರು ಒಡನೆ ಒಪ್ಪಲಿಲ್ಲ, ಎರಡನೆಯ ಸಭೆ ಬೇಕಾಯಿತು. ಕಡೆಗೆ ಊರಿನಲ್ಲಿ ಬಡಿಗರಿಗೆ ನಡೆಯುವ ದಿನಗೂಲಿಯನ್ನೇ ಕೊಡುವುದೆಂದಾಯಿತು. ಹಾಳಾದ ಮೂರು ತುಂಡುಗಳ ದಿನವನ್ನು ಲೆಕ್ಕಕ್ಕೆ ಹಿಡಿಯಬೇಡಿರೆಂದು ತರುಣನೇ ಹೇಳಿದ. ಪೂಜ್ಯರು ಅದನ್ನೂ ಹಿಡಿಸಿದರು.

ಉಂಗುರದ ಮೇಲೆ ಮಠದ ಹೆಸರನ್ನು ಕೆತ್ತಿಸಬೇಕೆಂಬ ಸಲಹೆಯೊಂದಿತ್ತು. 3 ಮಿ.ಮೀ. ಕರಟದಲ್ಲಿ ಅಕ್ಷರ ನಿಲ್ಲುವುದಿಲ್ಲ, ಅದು ಹಾಗೆಯೇ ಕೈಬಿಟ್ಟುಹೋಯಿತು.

ಈವರೆಗೆ 26 ಲೇಖನಿಗಳು ಸಿದ್ಧವಾಗಿವೆ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಕರಟ ಅದರೊಡನೆ ಎಷ್ಟು ಹೊಂದಿಕೊಳ್ಳುವುದೆಂದು ನೋಡಲು ಎರಡನ್ನು ಗ್ರಂಥಾಲಯದ ಕಿಟಕಿಯಲ್ಲಿರಿಸಿದ್ದೇನೆ. ತರುಣ ಬೆಂಗಳೂರಿನ ಪ್ರಯಾಣವನ್ನು ದೀಪಾವಳಿಯವರೆಗೆ ಮುಂದೂಡಿದ್ದಾನೆ. ದಾಸೋಹದ ಮನೆಯ ತಾಯಂದಿರು ಬಲಿತ ಕರಟಗಳನ್ನು ಒಲೆಯಿಂದ ಉಳಿಸಿ ಒಂದು ಗೋಣಿಚೀಲದಲ್ಲಿ ತುಂಬಿಡುತ್ತಿದ್ದಾರೆ.