ಸೋರುವ ತಂಪು: ಕೆಲವು ಟಿಪ್ಪಣಿಗಳು

1

ಕ್ಯಾಲಿಫೋರ್ನಿಯಾದ ಒಂದು ಗ್ಯಾರೇಜು. ಪೋರ್ಷೆ 911, 1986ರ ಮಾದರಿ. ಎಂಜಿನ್ನು ಹಿಂದೆ, ಡಿಕ್ಕಿ ಮುಂದೆ. ಎಸಿಯ ಕಂಪ್ರೆಸರ್ ಎಂಜಿನ್ನಿನ ಜೊತೆ ಹಿಂದೆ. ಕೂಲಿಂಗ್ ಕಾಯಿಲ್ ಮುಂದಿನ ಡಿಕ್ಕಿಯ ನೆಲದಡಿ. ತಂಪು ಬೇಕಾದವರು ಇವೆರಡರ ನಡುವೆ ಕೂತಿರುತ್ತಾರೆ.

2

ಕಾರಿನ ಉದ್ದ 4.29 ಮೀಟರ್. ಗ್ಯಾಸಿನ ದಾರಿ ಹೀಗೆ: ಕಂಪ್ರೆಸರಿನಿಂದ ಎಂಜಿನ್ ಮುಚ್ಚಳದಡಿಯ ಕಂಡೆನ್ಸರಿಗೆ. ಅಲ್ಲಿಂದ ಕಾರಿನ ಹೊಟ್ಟೆಯಡಿ ಸಾಗಿ ಮೂತಿಯ ಹತ್ತಿರದ ಇನ್ನೊಂದು ಕಂಡೆನ್ಸರಿಗೆ. ಆಮೇಲೆ ಮಡ್‌ಗಾರ್ಡಿನ ಒಳಗೆ ಅಡಗಿರುವ ಡ್ರೈಯರ್. ಆಮೇಲೆ ಎಕ್ಸ್‌ಪಾನ್ಷನ್ ವಾಲ್ವು, ಕೂಲಿಂಗ್ ಕಾಯಿಲ್. ಮತ್ತೆ ಹೊಟ್ಟೆಯಡಿ ಹಿಂದಕ್ಕೆ. ಬಹುಪಾಲು ದಾರಿ ರಬ್ಬರ್ ಹೋಸು. ಹೋಸು ಮುಗಿದಲ್ಲೆಲ್ಲ ಒಂದು ಜಾಯಿಂಟು, ಜಾಯಿಂಟಿಗೊಂದು ಓ-ರಿಂಗು.

3

ಈ ಎಂಜಿನ್ನಿಗೆ ನೀರಿಲ್ಲ, ರೇಡಿಯೇಟರ್ ಇಲ್ಲ. ಫ್ಯಾನಿನ ಗಾಳಿಯಿಂದ ತಣಿಯುವಂಥದು. ಆ ಗಾಳಿ ಮೊದಲು ಮುಚ್ಚಳದಡಿಯ ಕಂಡೆನ್ಸರನ್ನು ದಾಟಿ ಬರಬೇಕು. ಒಳಗೆ ಕೂತವರ ಸೆಕೆಯನ್ನು ತೆಗೆದು ಎಂಜಿನ್ನಿಗೆ ಉಣಿಸುತ್ತಾರೆ.

4

ಎಂಜಿನ್ ನೋಡಲು ಮುಚ್ಚಳ ಎತ್ತಿದಾಗಲೆಲ್ಲ ಕಂಡೆನ್ಸರೂ ಮೇಲೇಳುತ್ತದೆ. ಅದರ ಹೋಸು ಬಾಗುತ್ತದೆ. ಸುಮಾರು ನಲವತ್ತು ವರ್ಷದಿಂದ ಬಾಗುತ್ತಿದೆ.

5

ಕಾರಿನವರು ಹಾಸನ ಕಡೆಯವರು, ಈಗ ಸ್ಯಾನ್ ಹೋಸೆ. ಎಸಿಯ ಗ್ಯಾಸು ಸೋರುತ್ತಿದೆ ಎಂದು ಮೆಕ್ಯಾನಿಕ್ ಹತ್ತಿರ ಬಂದಿದ್ದಾರೆ.

"ಎಲ್ಲಿ ಸೋರ್ತಾ ಇದೆ ಸಾರ್?"

"ಅದು ಗೊತ್ತಾದ್ರೆ ಅರ್ಧ ಕೆಲಸ ಮುಗೀತಲ್ರೀ."

6

ಕಿಟಕಿ ಇಳಿಸಿದರೆ ಆಗದೇ ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

7

ಹೋಸಿನಲ್ಲಿ ತೂತಿಲ್ಲ. ಬಿರುಕಿಲ್ಲ. ಜಾಯಿಂಟು ಬಿಗಿಯಾಗಿದೆ. ಆದರೂ ಗ್ಯಾಸು ಕಡಿಮೆಯಾಗುತ್ತದೆ. ಆ ಕಾಲದ ಹೋಸಿನ ರಬ್ಬರ್ ಗೋಡೆಯ ಮೂಲಕವೇ ಅದು ನಿಧಾನವಾಗಿ ಒಸರಿ ಹೋಗುತ್ತದೆ. ಇದು ಕೆಟ್ಟ ಹೋಸಿನ ಗುಣ ಮಾತ್ರವಲ್ಲ, ಒಳ್ಳೆಯ ಹೋಸಿನದೂ ಹೌದು. ಈಗಿನ ಹೋಸುಗಳ ಒಳಗೆ ನೈಲಾನಿನ ಒಂದು ಪದರ ಇರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ: ಕಪ್ಪು.

8

ಕಂಪ್ರೆಸರಿನ ಒಳಗಿನ ದಂಡ ಹೊರಗೆ ಬರುವ ಕಡೆ ಒಂದು ಸೀಲು. ಅದನ್ನು ಒದ್ದೆಯಾಗಿಡುವುದು ಗ್ಯಾಸಿನ ಜೊತೆ ಸುತ್ತುವ ಎಣ್ಣೆ. ಎಸಿ ಹಾಕದಿದ್ದರೆ ಎಣ್ಣೆ ಸುತ್ತುವುದಿಲ್ಲ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಸೀಲು ಒಣಗುತ್ತದೆ. ಒಣಗಿದ ಸೀಲು ಸೋರುತ್ತದೆ.

ಹೊದಿಕೆ ಹೊದಿಸಿ ಜೋಪಾನವಾಗಿ ನಿಲ್ಲಿಸಿದ ಕಾರಿಗೂ ಇದರಿಂದ ಬಿಡುಗಡೆ ಇಲ್ಲ.

9

ಮೆಕ್ಯಾನಿಕ್ ಮೊದಲು ಹುಡುಕುವುದು ಗ್ಯಾಸನ್ನಲ್ಲ, ಕೊಳೆಯನ್ನು. ಗ್ಯಾಸು ಹೋಗುವಾಗ ಸ್ವಲ್ಪ ಎಣ್ಣೆಯನ್ನೂ ಹೊರಗೆ ತರುತ್ತದೆ. ಎಣ್ಣೆಗೆ ದೂಳು ಅಂಟುತ್ತದೆ. ಜಿಡ್ಡು ಜಿಡ್ಡಾದ ಕಪ್ಪು ಕಲೆ ಕಂಡರೆ ಅಲ್ಲಿ ಬೆರಳಿಟ್ಟು ನೋಡುತ್ತಾರೆ. ಕಾರನ್ನು ತೊಳೆದು ಹೊಳಪು ಕೊಟ್ಟು ತಂದವರಿಗೆ ಬೈಗುಳ.

10

ಆಮೇಲೆ ಯಂತ್ರ. ಬಾಗುವ ಸೊಂಡಿಲಿನ ತುದಿಯಲ್ಲಿ ಗ್ಯಾಸನ್ನು ಮೂಸುವ ಭಾಗ. ಸೋರಿಕೆಯ ಹತ್ತಿರ ಹೋದಂತೆ ಕೀಚು ಕೀಚು ಶಬ್ದ ಜೋರಾಗುತ್ತದೆ. ಈಗಿನ ಒಳ್ಳೆಯ ಯಂತ್ರಗಳು ವರ್ಷಕ್ಕೆ 4 ಗ್ರಾಂ ಸೋರುವ ಜಾಗವನ್ನೂ ಹಿಡಿಯುತ್ತವೆ. ಮೆಕ್ಯಾನಿಕ್ ಗ್ಯಾರೇಜಿನ ಬಾಗಿಲು ಮುಚ್ಚಿಸಿದರು, ಫ್ಯಾನು ನಿಲ್ಲಿಸಿದರು, ಎಂಜಿನ್ನೂ ಆರಿಸಿದರು. ಗ್ಯಾಸು ಗಾಳಿಗಿಂತ ಭಾರ, ಆದ್ದರಿಂದ ಜಾಯಿಂಟಿನ ಕೆಳಗಡೆ ಹಿಡಿಯಬೇಕು. ಒಂದು ಜಾಗದಲ್ಲಿ ನಿಲ್ಲಿಸಿ, ತೀರ ನಿಧಾನವಾಗಿ ಮುಂದಕ್ಕೆ.

ಬ್ರೇಕ್ ಕ್ಲೀನರಿನ ಆವಿಗೂ ಈ ಯಂತ್ರ ಕೂಗುವುದುಂಟು.

11

ಇನ್ನೊಂದು ದಾರಿ ಬಣ್ಣ. ಎಣ್ಣೆಗೆ ಒಂದು ಬಣ್ಣ ಬೆರೆಸಿ, ಕೆಲವು ದಿನ ಕಾರು ಓಡಿಸಿ ಬರಲು ಹೇಳುತ್ತಾರೆ. ಆಮೇಲೆ ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದು, ಹಳದಿ ಕನ್ನಡಕ ಹಾಕಿ ನೋಡುತ್ತಾರೆ. ಸೋರಿದ ಕಡೆ ಹಳದಿ ಹಸಿರಾಗಿ ಹೊಳೆಯುತ್ತದೆ. ಮುಂದಿನ ಡಿಕ್ಕಿಯ ನೆಲದಡಿಯಲ್ಲಿ, ಪೆಟ್ಟಿಗೆಯೊಳಗೆ ಕೂತ ಕೂಲಿಂಗ್ ಕಾಯಿಲಿಗೆ ದೀಪ ತಲುಪುವುದಿಲ್ಲ.

12

ಹಳೆಯ ಕಾಲದ ದಾರಿ ಬೆಂಕಿ. ಚಿಕ್ಕ ಬರ್ನರು, ಅದರೊಳಗೆ ತಾಮ್ರದ ತುಂಡು, ಮೂಸಲು ಒಂದು ಕೊಳವೆ. ಗ್ಯಾಸು ಒಳಗೆ ಬಂದರೆ ಜ್ವಾಲೆ ಹಸಿರಾಗುತ್ತಿತ್ತು. ವಿಷವಲ್ಲದ ಗ್ಯಾಸು ಆ ಬೆಂಕಿಯಲ್ಲಿ ಸುಟ್ಟು ವಿಷವಾಗುತ್ತಿತ್ತು.

13

ಎಲ್ಲಕ್ಕಿಂತ ಅಗ್ಗದ ದಾರಿ ಸೋಪಿನ ನೀರು. ಗ್ಯಾಸು ತುಂಬುವ ವಾಲ್ವಿನ ಮೇಲೆ ಒಂದು ಹನಿ ಬಿಟ್ಟರು. ಗುಳ್ಳೆ ಬಂತು.

ಆ ವಾಲ್ವು ಕಾರಿನ ಟೈರಿನ ವಾಲ್ವಿನಂಥದೇ. ಅದರ ಮೇಲಿನ ಮುಚ್ಚಳವನ್ನು ಯಾರೋ ಎಂದೋ ಕಳೆದಿದ್ದಾರೆ. ಮುಚ್ಚಳ ದೂಳಿಗಷ್ಟೇ ಅಲ್ಲ, ಒಳಗೆ ಒಂದು ರಿಂಗು ಇದ್ದು ಸೀಲಿನ ಕೆಲಸ ಮಾಡುವುದೂ ಅದೇ.

14

ಸಿಕ್ಕಿದ ಒಂದು ಸೋರಿಕೆಯನ್ನು ಯಾರೂ ನಂಬುವುದಿಲ್ಲ. ಹುಡುಕಾಟ ಮುಂದುವರಿಯಿತು. ಇದು ಸರಿಯಾದ ಅಪನಂಬಿಕೆ.

15

ಬಿಚ್ಚುವಾಗ ಎರಡು ಸ್ಪ್ಯಾನರು. ಒಂದು ತಿರುಗಿಸಲು, ಇನ್ನೊಂದು ತಿರುಗದಂತೆ ಹಿಡಿಯಲು. ಎರಡನೆಯದನ್ನು ಮರೆತರೆ ಅಲ್ಯೂಮಿನಿಯಂ ಪೈಪೇ ತಿರುಚಿಕೊಳ್ಳುತ್ತದೆ.

16

ಹಳೆಯ ಓ-ರಿಂಗು ಕಪ್ಪು. ಹೊಸದು ಸಾಮಾನ್ಯವಾಗಿ ಹಸಿರು. ಕೂಡಿಸುವ ಮುಂಚೆ ಎಣ್ಣೆಯಲ್ಲಿ ಅದ್ದುತ್ತಾರೆ. ಇಡೀ ರಿಪೇರಿಯಲ್ಲಿ ಅತಿ ಅಗ್ಗದ ವಸ್ತು ಇದೇ. ಡ್ರೈಯರಿನ ಜಾಯಿಂಟಿಗೆ ಇದನ್ನು ಹಾಕಲು ಮುಂದಿನ ಚಕ್ರ ಬಿಚ್ಚಬೇಕು.

17

ಡ್ರೈಯರಿನೊಳಗೆ ತೇವ ಹೀರುವ ಹರಳುಗಳು. ಹೊಸ ಡ್ರೈಯರಿನ ಬಾಯಿಗೆ ಬಿರಡೆ ಹಾಕಿ ಕಳಿಸುತ್ತಾರೆ. ಬಿರಡೆ ತೆಗೆದ ಗಳಿಗೆಯಿಂದ ಅದು ಗ್ಯಾರೇಜಿನ ಗಾಳಿಯ ತೇವ ಕುಡಿಯಲು ಶುರು. ಆದ್ದರಿಂದ ಅದನ್ನು ಎಲ್ಲಕ್ಕಿಂತ ಕೊನೆಗೆ ಕೂಡಿಸುತ್ತಾರೆ.

18

ವ್ಯಾಕ್ಯೂಮ್ ಪಂಪು. ಒಳಗಿನ ಗಾಳಿಯನ್ನೆಲ್ಲ ಎಳೆಯುತ್ತದೆ. ಒತ್ತಡ ಅಷ್ಟು ಇಳಿದಾಗ ಪೈಪಿನೊಳಗಿನ ತೇವ ಗ್ಯಾರೇಜಿನ ಶಾಖಕ್ಕೇ ಕುದಿದು ಆವಿಯಾಗಿ ಹೊರಬರುತ್ತದೆ. ಒಲೆಯಿಲ್ಲದೆ.

ಪಂಪು ನಿಲ್ಲಿಸಿ ಮುಳ್ಳನ್ನು ನೋಡುತ್ತಾ ಕೂರುತ್ತಾರೆ. ಮುಳ್ಳು ಅಲ್ಲಾಡಲಿಲ್ಲ. ಹಾಗಿದ್ದರೂ ಸೋರಿಕೆ ಇಲ್ಲ ಎಂದು ಹೇಳಲಾಗದಂತೆ. ಈಗ ಹೊರಗಿನ ಗಾಳಿ ಒಳಕ್ಕೆ ಒತ್ತುತ್ತಿದೆ, ಅದೂ ಒಂದೇ ವಾತಾವರಣದಷ್ಟು. ಎಸಿ ಓಡುವಾಗ ಕಂಡೆನ್ಸರಿನ ಕಡೆ ಒಳಗಿನಿಂದ ಹೊರಕ್ಕೆ ಒತ್ತುವುದು ಅದರ ಹತ್ತು ಪಟ್ಟಿಗೂ ಹೆಚ್ಚು. ಕೆಲವು ರಿಂಗುಗಳು ವ್ಯಾಕ್ಯೂಮಿನಲ್ಲಿ ಕಚ್ಚಿಕೊಂಡು, ಒತ್ತಡದಲ್ಲಿ ಬಿಟ್ಟುಕೊಡುತ್ತವೆ. ಅದಕ್ಕೇ ಎಷ್ಟೋ ಕಡೆ ಮೊದಲೇ ನೈಟ್ರೋಜನ್ ತುಂಬಿ ಪರೀಕ್ಷೆ ಮಾಡುತ್ತಾರೆ.

19

ಕಾರ್ಖಾನೆಯಲ್ಲಿ ಈ ಕಾರಿಗೆ ತುಂಬಿದ್ದ ಗ್ಯಾಸು ಆರ್-12. ಬಣ್ಣವಿಲ್ಲ, ಹೆಚ್ಚು ವಾಸನೆಯಿಲ್ಲ, ಬೆಂಕಿ ಹತ್ತುವುದಿಲ್ಲ. ಇದನ್ನು ತಂದವರಲ್ಲಿ ಮುಖ್ಯನಾದವನು ಥಾಮಸ್ ಮಿಜ್ಲಿ. 1930ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಈ ಗ್ಯಾಸನ್ನು ಶ್ವಾಸಕ್ಕೆ ಎಳೆದುಕೊಂಡು, ಮೇಣದಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದ. ವಿಷವಲ್ಲ, ಉರಿಯುವುದೂ ಇಲ್ಲ ಎಂಬುದಕ್ಕೆ ಪುರಾವೆ.

ಪೆಟ್ರೋಲಿಗೆ ಸೀಸ ಬೆರೆಸಿದರೆ ಎಂಜಿನ್ ಬಡಿಯುವುದಿಲ್ಲ ಎಂದು 1921ರಲ್ಲಿ ಕಂಡುಕೊಂಡವನೂ ಅವನೇ.

20

1974: ರಸಾಯನ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ ಈ ಬಗೆಯ ಗ್ಯಾಸುಗಳು ಓಜೋನ್ ಪದರವನ್ನು ತಿನ್ನುತ್ತವೆ ಎಂದು ಬರೆದರು.

1985: ಅಂಟಾರ್ಕ್ಟಿಕಾದ ಮೇಲಿನ ಓಜೋನ್ ರಂಧ್ರದ ವರದಿ ಬಂತು.

1986: ಈ ಕಾರು.

1987: ಇಂಥ ಗ್ಯಾಸುಗಳನ್ನು ಕಡಿಮೆ ಮಾಡಲು ಮಾಂಟ್ರಿಯಲ್ ಒಪ್ಪಂದ.

1995: ಆ ಇಬ್ಬರಿಗೆ, ಇನ್ನೊಬ್ಬ ವಿಜ್ಞಾನಿ ಕ್ರುಟ್ಜೆನ್ ಜೊತೆಗೆ, ನೊಬೆಲ್. ಅದೇ ವರ್ಷದ ಕೊನೆಗೆ ಅಮೆರಿಕದಲ್ಲಿ ಆರ್-12 ತಯಾರಿಕೆ ನಿಂತಿತು.

21

ತಯಾರಿಕೆ ನಿಂತರೂ ಹಳೆಯ ದಾಸ್ತಾನು ಮಾರಾಟದಲ್ಲಿದೆ. ಕೊಳ್ಳಲು ಸರ್ಟಿಫಿಕೇಟ್ ಬೇಕು. ಮೆಕ್ಯಾನಿಕ್ ಬೇಕೆಂದೇ ಗ್ಯಾಸನ್ನು ಗಾಳಿಗೆ ಬಿಟ್ಟರೆ ಅಮೆರಿಕದಲ್ಲಿ ಅಪರಾಧ. ಕಾರು ತಾನಾಗಿ ಸೋರಿದರೆ ಅಪರಾಧವಲ್ಲ.

22

ಕಾರುಗಳಲ್ಲಿ ಅದರ ಜಾಗಕ್ಕೆ ಬಂದದ್ದು ಆರ್-134ಎ. ಓಜೋನಿಗೆ ತೊಂದರೆಯಿಲ್ಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು.

ಅಣು ಚಿಕ್ಕದು. ಹಳೆಯ ರಬ್ಬರಿನಲ್ಲಿ ನುಸುಳುವುದು ಇನ್ನೂ ಸುಲಭ. ಬಿಸಿಲಿನಲ್ಲಿ ಒತ್ತಡವೂ ಸ್ವಲ್ಪ ಹೆಚ್ಚು. ಹಳೆಯ ಖನಿಜ ಎಣ್ಣೆಯ ಜೊತೆ ಬೆರೆಯುವುದಿಲ್ಲ, ಎಣ್ಣೆಯನ್ನೂ ಬದಲಿಸಬೇಕು. ತುಂಬುವಾಗ ಆರ್-12ರ ತೂಕದ ಶೇಕಡಾ 80ರಿಂದ 90ರಷ್ಟು ಸಾಕು, ಜಾಸ್ತಿಯಾದರೆ ತಂಪು ಕಡಿಮೆ. ತಪ್ಪಿ ಒಂದರಲ್ಲಿ ಇನ್ನೊಂದು ತುಂಬದಿರಲೆಂದು ಎರಡಕ್ಕೂ ಬಾಯಿ ಬೇರೆ ಬೇರೆ ಮಾಡಿದ್ದಾರೆ.

ಡ್ರೈಯರಿನ ಗಾಜಿನ ಕಿಂಡಿಯಲ್ಲಿ ಗುಳ್ಳೆ ಕಂಡರೆ ಆರ್-12 ಕಡಿಮೆಯಿದೆ ಎಂದು ಹಿಂದೆ ಹೇಳುತ್ತಿದ್ದರು. ಆರ್-134ಎ ತುಂಬಿದ ಮೇಲೆ ಆ ಕಿಂಡಿಯನ್ನು ನಂಬುವಂತಿಲ್ಲ. ಕಿಂಡಿ ಮಾತ್ರ ಅಲ್ಲೇ ಇದೆ. ಇಣುಕುವುದನ್ನು ಮೆಕ್ಯಾನಿಕ್ಕೂ ಬಿಟ್ಟಿಲ್ಲ.

23

ಕಾರಿನ ಎಸಿಯ ಮೊದಲ ದಿನಗಳಲ್ಲಿ, 1940ರ ಮಾದರಿಯ ಪ್ಯಾಕರ್ಡ್ ಕಾರನ್ನು ಬೇಕೆಂದವರಿಗೆ ಎಸಿ ಸಮೇತ ಕೊಡುತ್ತಿದ್ದರು. ಕಂಪ್ರೆಸರಿಗೆ ಕ್ಲಚ್ ಇರಲಿಲ್ಲ. ಎಸಿ ಸಾಕೆನಿಸಿದರೆ ಎಂಜಿನ್ ಆರಿಸಿ, ಬಾನೆಟ್ ಎತ್ತಿ, ಬೆಲ್ಟು ಕಳಚಬೇಕಿತ್ತು.

24

ಇದೇ ಪೋರ್ಷೆಯ 928ರಲ್ಲಿ ಎಸಿಯ ಗಾಳಿ ಗ್ಲೋವ್ ಬಾಕ್ಸಿಗೂ ಹೋಗುತ್ತದೆ. ಅಲ್ಲಿ ಏನನ್ನು ತಣ್ಣಗಿಡಬೇಕೆಂದು ಕೇಳಿದೆ. ಒಬ್ಬರು ಚಾಕೊಲೇಟ್ ಎಂದರು.

25

ಎಲ್ಲ ಕೂಡಿಸಿ, ಗ್ಯಾಸು ತುಂಬಿ, ಎಸಿ ಹಾಕಿದರು. ಡ್ಯಾಶ್‌ಬೋರ್ಡಿನ ಗಾಳಿ ತಣ್ಣಗಿತ್ತು, ಕೊರೆಯುವಂತಿರಲಿಲ್ಲ. ಹೊಸದರಲ್ಲೂ ಇದರ ತಂಪು ಇಷ್ಟೇ ಎಂದು ಹಾಸನದವರು ಸಮಾಧಾನದಿಂದ ಹೇಳಿದರು. ಅವರು ಈ ಕಾರನ್ನು ಹೊಸದರಲ್ಲಿ ನೋಡಿದವರಲ್ಲ.

26

ಈಗಿನ ಹೋಸು ಎಷ್ಟು ವರ್ಷ ಹಿಡಿದಿಡುತ್ತದೆ ಎಂದು ಕೇಳಿದ್ದಕ್ಕೆ ಮೆಕ್ಯಾನಿಕ್ ಕೊಟ್ಟ ಉತ್ತರ: ಸೋರದ ಎಸಿ ಇಲ್ಲ, ನಿಧಾನವಾಗಿ ಸೋರುವ ಎಸಿ ಇದೆ.

27

ಹಳೆಯ ಕಾರು ಇಟ್ಟುಕೊಂಡವರಿಗೆ ಅವರ ಇನ್ನೊಂದು ಮಾತು. ಚಳಿಗಾಲದಲ್ಲೂ ಆಗಾಗ ಹತ್ತು ನಿಮಿಷ ಎಸಿ ಹಾಕಿ. ಅದು ನಿಮಗಲ್ಲ, ಸೀಲಿಗೆ.