ಎರಡು ಸೈಕಲ್, ಹದಿನಾಲ್ಕು ಸಾವಿರ ಮೈಲು

ಸಹೋದರಿಯರೇ, ಗಂಡ ಹೆಂಡತಿ ಜೊತೆಯಾಗಿ ದೂರ ಪ್ರಯಾಣ ಹೊರಟರೆಂದರೆ ನಿಮಗೆ ಏನು ನೆನಪಾಗುತ್ತದೆ? ಬಸ್ಸಿನ ಕಿಟಕಿ ಪಕ್ಕದ ಸೀಟು, ಮಡಿಲಲ್ಲಿ ನಿದ್ದೆ ಹೋದ ಮಗು, ಕಾಲ ಬಳಿ ಬುತ್ತಿಯ ಚೀಲ. ಅದೇ ದಂಪತಿಯನ್ನು ಒಮ್ಮೆ ಎರಡು ಸೈಕಲ್‌ಗಳ ಮೇಲೆ ಕೂರಿಸಿ ನೋಡಿ. ಭಾರತದ ದಕ್ಷಿಣ ತುದಿಯಿಂದ ಹಿಮಾಲಯದವರೆಗೆ ಅವರನ್ನು ಕಳುಹಿಸಿ. ಅಸಾಧ್ಯವೆನಿಸುತ್ತದೆ ಅಲ್ಲವೇ? ಆದರೆ ಒಂದು ಜೋಡಿ ನೂರಿಪ್ಪತ್ತು ವರ್ಷಗಳ ಹಿಂದೆಯೇ ಇದನ್ನು ಮಾಡಿ ತೋರಿಸಿತ್ತು.

ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಯ ಪತಿ ವಿಲಿಯಂ ಹಂಟರ್ ವರ್ಕ್‌ಮನ್ ಆ ದಂಪತಿ. ವಿಲಿಯಂ ವೈದ್ಯರು. ಆರೋಗ್ಯ ಕೆಟ್ಟ ಕಾರಣ 1889ರಲ್ಲಿ ವೃತ್ತಿ ಬಿಟ್ಟು ಕುಟುಂಬದೊಂದಿಗೆ ಯುರೋಪಿಗೆ ಬಂದರು. ಫ್ಯಾನಿ ಶ್ರೀಮಂತ ಮನೆತನದ ಮಗಳು. ಆಕೆಯ ತಂದೆ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದವರು. 1893ರಲ್ಲಿ ಈ ದಂಪತಿಯ ಪುಟ್ಟ ಮಗ ತೀರಿಕೊಂಡ. ಅವರ ದೊಡ್ಡ ಸೈಕಲ್ ಯಾತ್ರೆಗಳೆಲ್ಲ ನಡೆದದ್ದು ಆ ನಂತರವೇ.

ಆಗ ಸೈಕಲ್ ಹೊಸ ವಸ್ತು. ಎರಡೂ ಚಕ್ರ ಹೆಚ್ಚು ಕಡಿಮೆ ಒಂದೇ ಅಳತೆಯ, ಚೈನ್ ಇರುವ 'ರೋವರ್' ಸೈಕಲ್ ಇಂಗ್ಲೆಂಡಿನಲ್ಲಿ ಬಂದದ್ದು 1885ರಲ್ಲಿ. ಡನ್‌ಲಪ್ ಅವರ ಗಾಳಿ ತುಂಬಿದ ಟಯರು ಬಂದದ್ದು 1888ರಲ್ಲಿ. ಅದಕ್ಕೆ ಮೊದಲು ಮುಂದಿನ ಚಕ್ರ ಆಳೆತ್ತರವಿದ್ದ ಸೈಕಲ್ ಹತ್ತುವುದು ಹೆಂಗಸರಿಗೆ ಕನಸಿನ ಮಾತಾಗಿತ್ತು. ಹೊಸ ಸೈಕಲ್ ಬಂದ ಮೇಲೆ ಅಲ್ಲಿನ ಮಹಿಳೆಯರು ಮನೆಯಿಂದ ಹೊರಗೆ ಒಂದಿಷ್ಟು ದೂರ ತಮ್ಮ ಕಾಲ ಬಲದಿಂದಲೇ ಹೋಗತೊಡಗಿದರು. ಫ್ಯಾನಿ ಸ್ಕರ್ಟ್ ತೊಟ್ಟೇ ಸೈಕಲ್ ತುಳಿದರು ಎಂಬುದನ್ನು ಗಮನಿಸಿ. ಉಡುಪು ಅವರಿಗೆ ಅಡ್ಡಿಯಾಗಲಿಲ್ಲ.

ದಂಪತಿ ಮೊದಲು ಅಲ್ಜೀರಿಯಾದಲ್ಲಿ ಅಟ್ಲಾಸ್ ಪರ್ವತ ದಾಟಿ ಸಹಾರಾದ ಅಂಚಿನವರೆಗೆ ಹೋದರು. ಬಳಿಕ ಸ್ಪೇನಿನಲ್ಲಿ 2,800 ಮೈಲು ಸುತ್ತಿದರು. ದಿನಕ್ಕೆ ಸರಾಸರಿ 45 ಮೈಲು, ಕೆಲವು ದಿನ 80 ಮೈಲು.

ನಮ್ಮ ನಾಡಿನ ಹಾದಿಯಲ್ಲಿ

1897ರ ಕೊನೆಯಲ್ಲಿ ಅವರು ನಮ್ಮತ್ತ ಹೊರಟರು. ಫ್ಯಾನಿಗೆ 38 ವರ್ಷ, ವಿಲಿಯಂಗೆ 50. ಭಾರತ, ಸಿಲೋನ್, ಬರ್ಮಾ, ಜಾವಾ ಸೇರಿ ಸುಮಾರು ಎರಡೂವರೆ ವರ್ಷದ ಯಾತ್ರೆ. ಒಟ್ಟು 14,000 ಮೈಲು, ಅಂದರೆ ಸುಮಾರು 22,500 ಕಿಲೋಮೀಟರ್. ಮಂಗಳೂರಿನಿಂದ ಬೆಂಗಳೂರಿಗೆ ಮೂವತ್ತು ಸಲ ಹೋಗಿ ಬಂದರೂ ಅಷ್ಟಾಗದು!

ಸಾಮಾನು ಏನೇನಿತ್ತು ಗೊತ್ತೇ? ಚಹಾ, ಸಕ್ಕರೆ, ಬಿಸ್ಕತ್ತು, ಚೀಸ್, ಡಬ್ಬಿಯ ಮಾಂಸ, ನೀರು, ದಿಂಬು, ತಲಾ ಒಂದು ಕಂಬಳಿ, ಬರೆಯುವ ಸಾಮಗ್ರಿ, ಔಷಧಿ ಮತ್ತು ಸೈಕಲ್ ರಿಪೇರಿಯ ಸಲಕರಣೆ. ಎರಡು ದಿನದ ಮದುವೆಗೆ ಮೂರು ಸೂಟ್‌ಕೇಸ್ ತುಂಬುವ ನಮಗೆ ಇದನ್ನು ಓದಿದರೆ ನಗು ಬರಬಹುದು. ಊಟಕ್ಕೆ ಕಷ್ಟವಾಗದಿರಲೆಂದು ಅವರು ಆದಷ್ಟು ರೈಲು ಹಳಿಗಳ ಹತ್ತಿರದ ದಾರಿಯಲ್ಲೇ ಸಾಗುತ್ತಿದ್ದರು. ಬೇರೆ ಜಾಗ ಸಿಗದಿದ್ದರೆ ರೈಲ್ವೇ ನಿಲ್ದಾಣದ ವಿಶ್ರಾಂತಿ ಕೊಠಡಿಯಲ್ಲೇ ರಾತ್ರಿ ಕಳೆಯುತ್ತಿದ್ದರು. ಸೊಳ್ಳೆ, ಇಲಿಗಳ ಕಾಟ ಸಹಿಸಿದರು. ಒಂದೇ ದಿನ ನಲವತ್ತರವರೆಗೆ ಪಂಕ್ಚರ್ ಆದದ್ದೂ ಇತ್ತು. ಬಿಸಿಲಲ್ಲಿ ಕುಳಿತು ನಲವತ್ತು ಬಾರಿ ಟ್ಯೂಬ್ ತೆಗೆದು, ಪ್ಯಾಚ್ ಹಾಕಿ, ಗಾಳಿ ತುಂಬಿಸಿದ ಮೇಲೂ ಗಂಡ ಹೆಂಡತಿ ಪರಸ್ಪರ ಮಾತಾಡುವ ಸ್ಥಿತಿಯಲ್ಲಿರಬೇಕಾದರೆ ಎಷ್ಟು ಸಹನೆ ಬೇಕು, ನೀವೇ ಹೇಳಿ.

ಉತ್ತರದಲ್ಲಿ ಸೈಕಲ್ ಬಿಟ್ಟು, 14,000ದಿಂದ 18,000 ಅಡಿ ಎತ್ತರದ ಕಣಿವೆ ದಾರಿಗಳನ್ನು ನಡೆದೇ ದಾಟಿದರು. ಹಿಮಾಲಯ ಅವರನ್ನು ಸೆಳೆದದ್ದು ಹಾಗೆ. ಮುಂದೆ ಅವರು ಪರ್ವತಾರೋಹಿಗಳೆಂದೇ ಹೆಸರಾದರು. ಆ ಯಾತ್ರೆಗಳಲ್ಲಿ ಇಬ್ಬರೂ ಸರದಿಯಂತೆ ಜವಾಬ್ದಾರಿ ಹಂಚಿಕೊಳ್ಳುತ್ತಿದ್ದರು. ಒಂದು ವರ್ಷ ಪ್ರಯಾಣದ ಏರ್ಪಾಡು ಒಬ್ಬರದಾದರೆ, ಮರು ವರ್ಷ ಇನ್ನೊಬ್ಬರದು. ಪುಸ್ತಕಗಳ ಮೇಲೆ ಇಬ್ಬರ ಹೆಸರೂ ಇದೆ.

ನಾಣ್ಯದ ಇನ್ನೊಂದು ಮುಖ

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಪೂರ್ತಿಯಾಗದು. ಭಾರತ ಯಾತ್ರೆಯ ಬಗ್ಗೆ 1904ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಪ್ರಾಚೀನ ಕಟ್ಟಡಗಳಿಗೆ ಸಿಕ್ಕಷ್ಟು ಗಮನ ಅಂದಿನ ಜನರ ಬದುಕಿಗೆ ಸಿಕ್ಕಿಲ್ಲ. ಹಿಮಾಲಯದಲ್ಲಿ ತಮ್ಮ ಹೊರೆ ಹೊತ್ತ ಬಡ ಕೂಲಿಗಳ ಬಗ್ಗೆ ಅವರು ಬರೆದ ಮಾತುಗಳಲ್ಲಿ ಒಡೆತನದ ದರ್ಪವಿದೆ. ಸೈಕಲ್ ಮನುಷ್ಯನನ್ನು ಹಳ್ಳಿಯ ಅಂಗಳದವರೆಗೆ ತಲುಪಿಸಬಹುದು, ಹೃದಯದ ಬಾಗಿಲನ್ನು ತಾವೇ ತೆರೆಯಬೇಕು.

ಇನ್ನೊಂದು ವಿಷಯ ತಾಯಂದಿರನ್ನು ಕಾಡದಿರದು. 1884ರಲ್ಲಿ ಹುಟ್ಟಿದ ಅವರ ಮಗಳು ರೇಚಲ್ ಈ ಯಾತ್ರೆಯ ವೇಳೆ ಹದಿಹರೆಯದ ಹುಡುಗಿ. ತಂದೆ ತಾಯಿ ಊರೂರು ಸುತ್ತುವಾಗ ಆಕೆ ದೂರದ ಶಾಲೆಗಳಲ್ಲಿ ಬೆಳೆದಳು. ಮುಂದೆ ಭೂವಿಜ್ಞಾನ ಓದಿ ಹೆಸರು ಗಳಿಸಿದಳು ನಿಜ. ಆದರೂ ಆ ವಯಸ್ಸಿನಲ್ಲಿ ತಾಯಿಯ ಮಡಿಲ ಬದಲು ದೊರೆಯುವುದು ಏನಿದೆ?

ಪ್ರಯಾಣದ ಬಗ್ಗೆ ನಮ್ಮ ಧರ್ಮ ಎರಡೂ ಮಗ್ಗುಲನ್ನು ತೋರಿಸಿದೆ. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನೂ ಗತಿಸಿದವರ ಪರಿಣಾಮವನ್ನೂ ನೋಡಲು ಕುರ್‌ಆನ್ ಕರೆ ಕೊಡುತ್ತದೆ. ಪ್ರಯಾಣ ಕಷ್ಟದ್ದೆಂದೂ, ಉದ್ದೇಶ ಈಡೇರಿದ ಮೇಲೆ ಬೇಗ ಮನೆಯವರ ಬಳಿಗೆ ಮರಳಬೇಕೆಂದೂ ಪ್ರವಾದಿ(ಸ) ಕಲಿಸಿದರು. ಅದೇ ಪ್ರವಾದಿವರ್ಯರು(ಸ) ಒಂದು ಪ್ರಯಾಣದಲ್ಲಿ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದರು. ಅಂದು ಗೆದ್ದವರು ಆಯಿಶಾ(ರ). ಮುಂದೊಮ್ಮೆ ಪ್ರವಾದಿ(ಸ) ಗೆದ್ದು, ಹಿಂದಿನ ಸೋಲಿಗೆ ಇದು ಸರಿಹೋಯಿತೆಂದರು. ದಾಂಪತ್ಯದಲ್ಲಿ ಜೊತೆಯಾಗಿ ಉಸಿರುಗಟ್ಟುವಷ್ಟು ಓಡಿ, ಜೊತೆಯಾಗಿ ನಗುವುದಕ್ಕೂ ಸ್ಥಾನವಿದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಮಾದರಿ ಬೇಕೇ?

ನಿಮ್ಮಲ್ಲಿ ಯಾರೂ 14,000 ಮೈಲು ಹೊರಡಬೇಕಾಗಿಲ್ಲ. ರಜೆಯ ದಿನ ಫಜ್ರ್ ನಮಾಝ್ ಮುಗಿಸಿ, ಬಿಸಿಲೇರುವ ಮೊದಲು, ಹತ್ತಿರದ ಕಡಲ ತೀರಕ್ಕೋ ಹೊಳೆಯ ದಂಡೆಗೋ ಇಬ್ಬರೂ ಹೋಗಿ ಬನ್ನಿ. ಪಂಪು, ಪ್ಯಾಚ್, ಕುಡಿಯುವ ನೀರು ಮರೆಯಬೇಡಿ. ದಾರಿಯಲ್ಲಿ ಸಿಗುವವರಿಗೆ ಸಲಾಂ ಹೇಳಿ, ಕ್ಷೇಮ ವಿಚಾರಿಸಿ. ಮಕ್ಕಳಿಗೆ ಸೈಕಲ್ ತುಳಿಯುವಷ್ಟು ವಯಸ್ಸಾಗಿದ್ದರೆ ಅವರೇ ಮುಂದಿರಲಿ. ಅವರ ವೇಗಕ್ಕೆ ತಕ್ಕಂತೆ ನೀವು ಹಿಂದೆ ಬನ್ನಿ.